ತಾಮ್ರದ ಸುತ್ತಿಗೆ, ಯಾದವಗಿರಿಯ ಗಾಡಿ

ಹಳೆಯ ಜಾವಾ ಗಾಡಿಯ ಎಂಜಿನ್ ಬಿಚ್ಚುವವರು ಮೈಸೂರಿನಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ಬಿಚ್ಚಿದ್ದನ್ನು ಮತ್ತೆ ಜೋಡಿಸುವವರೂ ಇದ್ದಾರೆ. ಒಳಗಿನ ಕ್ರ್ಯಾಂಕನ್ನು ಎರಡು ಭಾಗ ಮಾಡಿ, ಹೊಸ ಪಿನ್ ಕೂರಿಸಿ, ಮತ್ತೆ ಕೂದಲೆಳೆಯಷ್ಟೂ ವಾಲದಂತೆ ನೇರಕ್ಕೆ ತರುವವರು ಮಾತ್ರ ತೀರಾ ಕಡಿಮೆ. ಅಂಥವರೊಬ್ಬರು ತಮ್ಮ ಮನೆಯ ಹಿತ್ತಲಲ್ಲಿ, ಶೀಟು ಹೊದಿಸಿದ ಒಂದು ಸಣ್ಣ ಕೋಣೆಯಲ್ಲಿ ಈಗಲೂ ಕೆಲಸ ಮಾಡುತ್ತಾರೆಂದು ಕೇಳಿ ನೋಡಲು ಹೋದೆ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ ಬಾಗಿಲು ಮುಚ್ಚುವವರೆಗೂ ಅಲ್ಲೇ ದುಡಿದವರು. ಎಪ್ಪತ್ತು ದಾಟಿದೆ. ಬಡಾವಣೆಯವರಿಗೆಲ್ಲ ಅವರು ‘ಫ್ಯಾಕ್ಟರಿ ಯಜಮಾನ್ರು’. ಈ ಬರಹದಲ್ಲೂ ಅವರು ಯಜಮಾನರೇ ಆಗಿರಲಿ.

ಅವರ ಕೋಣೆಯಲ್ಲಿ ಆಗ ನಿಂತಿದ್ದದ್ದು 1968ರ ಜಾವಾ 250. ಸಾಗರದ ಕಡೆಯ ಅಡಿಕೆ ತೋಟದ ಮನೆಯೊಂದರಿಂದ ಬಂದದ್ದು. ಕೊಂಡ ಅಜ್ಜ ತೀರಿಕೊಂಡ ಮೇಲೆ ಅದು ಗೊಬ್ಬರದ ಚೀಲಗಳ ಹಿಂದೆ ಸರಿದು, ಚೀಲಗಳ ಕೆಳಗೂ ಸೇರಿ, ಕೊನೆಗೆ ಮನೆಯವರಿಗೇ ಮರೆತುಹೋಗಿತ್ತು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮೊಮ್ಮಗ ಒಂದು ಹಬ್ಬಕ್ಕೆ ಊರಿಗೆ ಹೋದವನು ಎಳೆದು ಹೊರಗೆ ಹಾಕಿದ. ಏರ್ ಫಿಲ್ಟರಿನ ಡಬ್ಬಿಯಲ್ಲಿ ಇಲಿ ಮರಿ ಹಾಕಿತ್ತು. ಕಾರ್ಬೊರೇಟರಿನ ಬಾಯಿಗೆ ಕಡಜ ಮಣ್ಣಿನ ಗೂಡು ಕಟ್ಟಿತ್ತು. ಟೈರುಗಳು ಸೀಳಿದ್ದವು. ಕಿಕ್ ಒಂದಂಗುಲವೂ ಇಳಿಯುತ್ತಿರಲಿಲ್ಲ. ಮಲೆನಾಡಿನ ತೇವಕ್ಕೆ ಪಿಸ್ಟನ್ನು ಸಿಲಿಂಡರಿಗೆ ಕಚ್ಚಿಕೊಂಡಿತ್ತು.

ಇಂಥ ಗಾಡಿ ಸಿಕ್ಕ ತಕ್ಷಣ ಎಲ್ಲರೂ ಮಾಡುವ ಕೆಲಸವೆಂದರೆ ಮೇಲೆ ಹತ್ತಿ ನಿಂತು ಕಿಕ್ ಒದೆಯುವುದು. ಯಜಮಾನರಿಗೆ ಅದನ್ನು ನೆನೆದರೇ ಸಂಕಟ. ಟೂ-ಸ್ಟ್ರೋಕ್ ಎಂಜಿನ್ನಿನ ಸಿಲಿಂಡರ್ ಗೋಡೆಯಲ್ಲಿ ಹೊಗೆ ಹೋಗಲಿಕ್ಕೆ, ಪೆಟ್ರೋಲ್ ಮಿಶ್ರಣ ಬರಲಿಕ್ಕೆ ಕಿಂಡಿಗಳಿರುತ್ತವೆ. ತುಕ್ಕು ಹಿಡಿದ ರಿಂಗು ಬಲವಂತಕ್ಕೆ ಕದಲಿದರೆ ಮುರಿದು ಆ ಕಿಂಡಿಗೆ ಸಿಕ್ಕಿಕೊಳ್ಳುತ್ತದೆ. ಆಮೇಲೆ ಪಿಸ್ಟನ್ನಷ್ಟೇ ಅಲ್ಲ, ಸಿಲಿಂಡರೂ ಹೋದಂತೆ. “ಇಷ್ಟು ವರ್ಷ ಮಲಗಿರೋ ಗಾಡಿನ ಒಂದ್ ನಿಮಿಷದಲ್ಲಿ ಎಬ್ಬಿಸೋಕೆ ಹೋಗ್ಬಾರ್ದು ಸಾರ್” ಎನ್ನುತ್ತಾರೆ. ಅವರು ಪ್ಲಗ್ ತೆಗೆದು ಆ ತೂತಿನಿಂದ ಡೀಸೆಲ್ಲೂ ಆಯಿಲ್ಲೂ ಬೆರೆಸಿ ಸುರಿದರು. ಹಾಗೇ ಬಿಟ್ಟರು. ಇಳಿದಷ್ಟನ್ನು ಮತ್ತೆ ತುಂಬಿದರು. ಆಮೇಲೆ ಗಾಡಿಯನ್ನು ಟಾಪ್ ಗೇರಿಗೆ ಹಾಕಿ, ಹಿಂದಿನ ಚಕ್ರವನ್ನು ಕೈಯಲ್ಲಿ ಹಿಡಿದು ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ಅಲುಗಿಸುತ್ತಾ ಕೂತರು. ಒಂದು ಸಂಜೆ ಅದು ಸಡಿಲವಾಯಿತು.

ಜಾವಾ ಓಡಿಸಿದವರಿಗೆ ಕಿಕ್ಕಿನ ವಿಷಯ ಹೇಳಬೇಕಾಗಿಲ್ಲ, ಓಡಿಸದವರಿಗೆ ಹೇಳಲೇಬೇಕು. ಅದರಲ್ಲಿ ಕಿಕ್ಕೂ ಗೇರೂ ಒಂದೇ ಲಿವರು, ಅದೂ ಎಡಗಡೆ. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್, ಗಾಡಿ ಚಾಲೂ ಆದ ಮೇಲೆ ಮುಂದಕ್ಕೆ ಮಲಗಿಸಿದರೆ ಗೇರ್. ಗೇರ್ ಲಿವರನ್ನು ಕಾಲಲ್ಲಿ ಒತ್ತುವಾಗಲೇ ಒಳಗೆ ಕ್ಲಚ್ ತಾನಾಗಿ ಸಡಿಲಗೊಳ್ಳುವ ಏರ್ಪಾಡೂ ಇದೆ. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರು. ಪ್ರಾಗ್ ಕಡೆಯ ಎಂಜಿನಿಯರುಗಳು ಯೋಚಿಸಿದ ಈ ಯಂತ್ರ ನಮ್ಮ ಗದ್ದೆಬದುವಿನ ದಾರಿಗೆ, ಹೆಂಡತಿ ಮಕ್ಕಳ ಜತೆಗೆ ಎರಡು ಮೂಟೆಯ ಭಾರಕ್ಕೆ ಅಷ್ಟು ಚೆನ್ನಾಗಿ ಒಗ್ಗಿತು.

ಕಾರ್ಖಾನೆಯ ಚರಿತ್ರೆ ಯಜಮಾನರ ಬಾಯಲ್ಲಿ ಚಿಕ್ಕದು. ರುಸ್ತುಂ ಇರಾನಿ, ಫರೂಕ್ ಇರಾನಿ ಎಂಬ ಪಾರ್ಸಿ ಉದ್ಯಮಿಗಳು ಚೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿ ಪಡೆದು 1960ರಲ್ಲಿ ಕಂಪನಿ ಕಟ್ಟಿದರು. 1961ರಲ್ಲಿ ಕಾರ್ಖಾನೆಯನ್ನು ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು. ಒಂದು ದಶಕ ಜಾವಾ ಎಂಬ ಹೆಸರಲ್ಲೇ ಗಾಡಿ ಬಂತು; ಎಪ್ಪತ್ತರ ದಶಕದ ಆರಂಭದಿಂದ ಯೆಜ್ಡಿ ಆಯಿತು. 1978ರಲ್ಲಿ ರೋಡ್‌ಕಿಂಗ್ ಬಂತು. ಎಂಬತ್ತರ ದಶಕದ ನಡುವಿನಲ್ಲಿ ಜಪಾನಿನ ಸಹಯೋಗದ 100 ಸಿಸಿ ಗಾಡಿಗಳು ಬಂದವು, ಹೀರೋ ಹೋಂಡಾ, ಆರ್‌ಎಕ್ಸ್ 100. ಪೆಟ್ರೋಲ್ ಕುಡಿಯುವುದೂ ಕಡಿಮೆ, ತೂಕವೂ ಕಡಿಮೆ. ಹೊಗೆಯ ನಿಯಮಗಳು ಬಿಗಿಯಾದವು. 1996ರಲ್ಲಿ ಉತ್ಪಾದನೆ ನಿಂತಿತು. ಇಷ್ಟನ್ನು ಹೇಳಿ ಅವರು ಟ್ರಂಕಿನಿಂದ ಪ್ಲಾಸ್ಟಿಕ್ ಕವರಿನಲ್ಲಿಟ್ಟಿದ್ದ ಕಂಪನಿಯ ಕರಪತ್ರವೊಂದನ್ನು ತೆಗೆದು ತೋರಿಸಿದರು. ಕೊನೆಯ ವರ್ಷಗಳ ಬಗ್ಗೆ ಕೇಳಿದಾಗ ಕರಪತ್ರವನ್ನು ಮತ್ತೆ ಕವರಿಗೆ ಹಾಕಿ, “ಕ್ರ್ಯಾಂಕ್ ನೋಡೋಣ ಬನ್ನಿ” ಎಂದು ಎದ್ದರು.

ನಾನು ಹೋದದ್ದೂ ಅದಕ್ಕೇ. ಜಾವಾ ಎಂಜಿನ್ನಿನ ಕ್ರ್ಯಾಂಕ್ ಒಂದೇ ತುಂಡಲ್ಲ. ಎರಡು ಭಾರದ ಉಕ್ಕಿನ ಬಿಲ್ಲೆಗಳು, ನಡುವೆ ಪ್ರೆಸ್ಸಿನಲ್ಲಿ ಒತ್ತಿ ಕೂರಿಸಿದ ಒಂದು ದಪ್ಪ ಪಿನ್, ಆ ಪಿನ್ನಿನ ಸುತ್ತ ರೋಲರ್ ಬೇರಿಂಗು, ಬೇರಿಂಗಿನ ಮೇಲೆ ಕನೆಕ್ಟಿಂಗ್ ರಾಡ್. ಯಜಮಾನರು ರಾಡನ್ನು ಎರಡು ಬೆರಳಲ್ಲಿ ಹಿಡಿದು ನನ್ನ ಕೈಗೆ ಕೊಟ್ಟರು. ಅಕ್ಕಪಕ್ಕಕ್ಕೆ ತುಸು ಅಲ್ಲಾಡಿದರೆ ತೊಂದರೆಯಿಲ್ಲ, ಮೇಲೆ ಕೆಳಗೆ ಮಾತ್ರ ಅಲ್ಲಾಡಲೇಬಾರದು. ಇದು ಅಲ್ಲಾಡುತ್ತಿತ್ತು. ಬೇರಿಂಗ್ ಸವೆದಿದೆ, ಪಿನ್ನಿನ ಮೇಲೆ ತುಕ್ಕಿನ ಕಲೆ ಇದೆ. ಅಂದರೆ ಬಿಲ್ಲೆಗಳನ್ನು ಬೇರೆ ಮಾಡಲೇಬೇಕು. ಅದು ಮನೆಯಲ್ಲಾಗದ ಕೆಲಸ. ಪರಿಚಯದ ಲೇತ್ ಅಂಗಡಿಯ ಹೈಡ್ರಾಲಿಕ್ ಪ್ರೆಸ್ಸಿಗೆ ಹೊತ್ತುಕೊಂಡು ಹೋಗುತ್ತಾರೆ. ಒತ್ತಿಸುವಾಗ ಪಕ್ಕದಲ್ಲೇ ನಿಂತಿರುತ್ತಾರೆ. ಹೊಸ ಪಿನ್, ಹೊಸ ಬೇರಿಂಗ್ ಹಾಕಿ ಒತ್ತಿಸಿದ ಮೇಲೆ ಅಂಗಡಿಯವರ ಮಟ್ಟಿಗೆ ಕೆಲಸ ಮುಗಿಯಿತು. ಯಜಮಾನರ ಮಟ್ಟಿಗೆ ಅಲ್ಲಿಂದ ಶುರು.

ಕ್ರ್ಯಾಂಕಿನ ಎರಡೂ ತುದಿಯ ಶಾಫ್ಟುಗಳನ್ನು ಎರಡು ಮೊನೆಗಳ ನಡುವೆ ನಿಲ್ಲಿಸುತ್ತಾರೆ. ಶಾಫ್ಟಿನ ಮೇಲೆ ಡಯಲ್ ಗೇಜಿನ ಮುಳ್ಳು ತಾಗಿಸುತ್ತಾರೆ. ಗೇಜಿನ ಒಂದು ಗೆರೆ ಎಂದರೆ ಮಿಲಿಮೀಟರಿನ ನೂರರಲ್ಲೊಂದು ಭಾಗ. ಬಿಲ್ಲೆಯನ್ನು ಕೈಯಲ್ಲಿ ನಿಧಾನ ತಿರುಗಿಸಿದಾಗ ಮುಳ್ಳು ಎದ್ದು ಬೀಳುತ್ತದೆ. ಮೊದಲ ಸುತ್ತಿಗೆ ಇಪ್ಪತ್ತು ಗೆರೆಗಿಂತ ಹೆಚ್ಚು ಓಡಿತು. ಅತಿ ಎತ್ತರಕ್ಕೆ ಹೋದ ಜಾಗಕ್ಕೆ ಸೀಮೆಸುಣ್ಣದ ಗುರುತು. ಕ್ರ್ಯಾಂಕನ್ನು ಹೊರತೆಗೆದು ಒಂದು ಬಿಲ್ಲೆಯನ್ನು ಅಂಗೈಯಲ್ಲಿ ಹೊತ್ತು, ಇನ್ನೊಂದರ ಅಂಚಿಗೆ ತಾಮ್ರದ ಸುತ್ತಿಗೆಯಿಂದ ಒಂದೇ ಏಟು. ತಾಮ್ರ ಯಾಕೆಂದರೆ ಉಕ್ಕಿಗೆ ಗಾಯವಾಗಬಾರದು. ಮತ್ತೆ ಮೊನೆಗಳ ನಡುವೆ, ಮತ್ತೆ ಮುಳ್ಳು. ಹನ್ನೆರಡು. ಮತ್ತೊಂದು ಏಟು. ಹದಿನಾಲ್ಕು; ಹೆಚ್ಚಾಯಿತು. ಅವರು ಸುತ್ತಿಗೆ ಕೆಳಗಿಟ್ಟು ಬೀಡಿ ಹಚ್ಚಲಿಲ್ಲ, ಟೀ ಕೇಳಲಿಲ್ಲ, ಸುಮ್ಮನೆ ಬಿಲ್ಲೆಯನ್ನು ತಿರುಗಿಸುತ್ತಾ ಕೂತರು. ವಾಲಿರುವುದು ಎರಡು ಥರ ಇರಬಹುದು ಎಂದು ವಿವರಿಸಿದರು. ಬಿಲ್ಲೆಗಳು ಒಂದಕ್ಕೊಂದು ತಿರುಚಿಕೊಂಡಿರಬಹುದು, ಇಲ್ಲವೇ ಪಿನ್ನಿನ ಕಡೆ ಬಾಯಿ ಕಿರಿದಾಗಿ ಎದುರು ಕಡೆ ಅಗಲವಾಗಿರಬಹುದು. ಎರಡಕ್ಕೂ ಹೊಡೆಯುವ ಜಾಗ ಬೇರೆ. ತಿರುಚಿದ್ದಕ್ಕೆ ಅಂಚಿಗೆ ಹೊಡೆಯಬೇಕು. ಬಾಯಿ ಅಗಲವಾದದ್ದಕ್ಕೆ ಹೊರಮೈಗೆ, ಕಿರಿದಾದ ಕಡೆ ಉಳಿ ಇಟ್ಟು ತುಸು ಬಿಡಿಸಬೇಕು. ಈ ಗಾಡಿಯಲ್ಲಿ ಎರಡೂ ಇದ್ದವು.

ಆ ಮಧ್ಯಾಹ್ನದ ಬಹುಭಾಗ ಹೀಗೇ ಹೋಯಿತು. ಒಂಬತ್ತು, ಏಳು, ಆರು. ಮೂರು ಗೆರೆಗೆ ಬಂದಾಗ ಅವರು ಇನ್ನೊಂದು ಬದಿಯ ಶಾಫ್ಟಿಗೆ ಗೇಜ್ ಹಿಡಿದರು. ಅಲ್ಲಿ ಐದು. ಅದನ್ನು ಮೂರಕ್ಕೆ ತರುವಾಗ ಈ ಕಡೆ ನಾಲ್ಕಾಯಿತು. ಏಟಿನ ಬಲವನ್ನು ಅವರು ತೋಳಿನಿಂದ ಅಳೆಯುವುದಿಲ್ಲ, ಮಣಿಕಟ್ಟಿನಿಂದ. ಹೊಡೆದ ಸದ್ದಿನಲ್ಲೇ ಬಿಲ್ಲೆ ಕದಲಿತೋ ಇಲ್ಲವೋ ಗೊತ್ತಾಗುತ್ತದೆ ಎಂದರು. ನಾನು ಕಿವಿಗೊಟ್ಟು ಕೇಳಿದರೂ ನನಗೆ ಎರಡೂ ಸದ್ದು ಒಂದೇ. “ಇದನ್ನ ಯಾರೂ ಬಾಯಲ್ಲಿ ಹೇಳ್ಕೊಡ್ಲಿಲ್ಲ. ಸೀನಿಯರ್ ಪಕ್ಕ ನಿಂತು ನೋಡ್ತಿದ್ದೆ. ಒಂದಿನ ಸುತ್ತಿಗೆ ಕೈಗೆ ಕೊಟ್ಟು ಊಟಕ್ಕೆ ಹೋದ್ರು.”

ಇಷ್ಟು ಪಾಡು ಯಾಕೆ ಎಂಬುದಕ್ಕೆ ಉತ್ತರ ಎಂಜಿನ್ನಿನ ಬಲಬದಿಯಲ್ಲಿದೆ. ಜಾವಾದಲ್ಲಿ ಡೈನಮೊದ ಆರ್ಮೇಚರ್ ಕೂರುವುದು ಕ್ರ್ಯಾಂಕಿನ ತುದಿಯಲ್ಲೇ. ಕಿಡಿ ಹಾರಿಸುವ ಪಾಯಿಂಟಿನ ಕ್ಯಾಮ್ ಕೂಡ ಅಲ್ಲೇ. ಕ್ರ್ಯಾಂಕ್ ವಾಲಿದರೆ ಆರ್ಮೇಚರ್ ಕಾಯಿಲ್‌ಗೆ ಉಜ್ಜುತ್ತದೆ, ಪಾಯಿಂಟಿನ ಗ್ಯಾಪ್ ಸುತ್ತಿಗೊಮ್ಮೆ ಬದಲಾಗುತ್ತದೆ. ಆ ಗ್ಯಾಪ್ ಇರಬೇಕಾದದ್ದೇ 0.4 ಮಿಲಿಮೀಟರ್. ಗಾಡಿ ಹಿಡಿತವಿಲ್ಲದೆ ಓಡುತ್ತದೆ, ಫುಟ್‌ರೆಸ್ಟ್ ನಡುಗುತ್ತದೆ, ಬ್ಯಾಟರಿ ಚಾರ್ಜ್ ಆಗುವುದಿಲ್ಲ. ಆಗ ಜನ ಕಾರ್ಬೊರೇಟರ್ ಬಿಚ್ಚುತ್ತಾರೆ, ಕಂಡೆನ್ಸರ್ ಬದಲಿಸುತ್ತಾರೆ, ಕೊನೆಗೆ ಗಾಡಿಯನ್ನೇ ಬೈದು ಗುಜರಿಗೆ ಹಾಕುತ್ತಾರೆ. ಕ್ರ್ಯಾಂಕಿನ ಎರಡು ಕಡೆಯ ಆಯಿಲ್ ಸೀಲುಗಳೂ ಅಷ್ಟೇ ಮುಖ್ಯ. ಟೂ-ಸ್ಟ್ರೋಕಿನಲ್ಲಿ ಪೆಟ್ರೋಲ್ ಮಿಶ್ರಣ ಮೊದಲು ಕ್ರ್ಯಾಂಕಿನ ಮನೆಗೇ ಬಂದು ಒತ್ತಡಕ್ಕೊಳಗಾಗುತ್ತದೆ. ಕ್ಲಚ್ ಕಡೆಯ ಸೀಲ್ ಒಣಗಿ ಸೋರಿದರೆ ಗೇರ್ ಆಯಿಲ್ ಒಳಗೆಳೆದುಕೊಂಡು ಬಿಳಿ ಹೊಗೆ. ಡೈನಮೊ ಕಡೆಯದು ಸೋರಿದರೆ ಗಾಳಿ ಎಳೆದುಕೊಂಡು ಎಂಜಿನ್ ಕಾಯುತ್ತದೆ. ವರ್ಷಗಟ್ಟಲೆ ನಿಂತ ಗಾಡಿಗೆ ಇವೆರಡನ್ನೂ ಕಣ್ಣು ಮುಚ್ಚಿ ಬದಲಿಸುತ್ತಾರೆ.

ಉಳಿದ ಕೆಲಸಗಳನ್ನು ನಾನು ಪೂರ್ತಿ ನೋಡಲಿಲ್ಲ. ಸಿಲಿಂಡರ್ ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಿಸಿದರು. ಸೈಲೆನ್ಸರಿನೊಳಗಿನ ಕೊಳವೆಗಳಿಗೆ ಕಟ್ಟಿದ್ದ ಕರಿಯನ್ನು ಬೆಂಕಿಗೆ ಹಾಕಿ ಸುಟ್ಟರು. ಟ್ಯಾಂಕಿನೊಳಗೆ ಹಳೆಯ ಚೈನ್ ತುಂಡು, ಹುಣಸೆಹಣ್ಣಿನ ನೀರು ಹಾಕಿ ಕುಲುಕಿ ತುಕ್ಕು ಬಿಡಿಸಿದರು. 6 ವೋಲ್ಟಿನ ವೈರಿಂಗ್ ಹೊಸದಾಯಿತು.

ಬಣ್ಣದ ವಿಷಯದಲ್ಲಿ ಮಾತ್ರ ಮೊಮ್ಮಗನಿಗೂ ಅವರಿಗೂ ಸಣ್ಣ ಜಟಾಪಟಿ. ಹುಡುಗನಿಗೆ ಗಾಡಿ ಶೋರೂಮಿನಿಂದ ಆಗಷ್ಟೇ ಇಳಿದಂತೆ ಹೊಳೆಯಬೇಕು. ಮಡ್‌ಗಾರ್ಡುಗಳಿಗೆ ಹೊಸ ಮರೂನ್ ಬಣ್ಣ ಹೊಡೆಸಲು ಯಜಮಾನರದೂ ಒಪ್ಪಿಗೆ, ತುಕ್ಕು ತಿಂದು ತೂತಾಗಿದ್ದವು. ಆದರೆ ಟ್ಯಾಂಕಿನ ಮೇಲೆ ಕಾರ್ಖಾನೆಯ ಮೂಲ ಬಣ್ಣ ಇನ್ನೂ ಉಳಿದಿದೆ, ಚಿನ್ನದ ಗೆರೆಯೂ ಅರ್ಧ ಇದೆ. ಅಜ್ಜನ ಮೊಣಕಾಲು ತಾಗಿ ತಾಗಿ ಒಂದು ಕಡೆ ಮಾಸಿದೆ. “ಅದನ್ನ ಉಜ್ಜಿ ತೆಗೆದ್ರೆ ಮತ್ತೆ ನಾನ್ ಎಲ್ಲಿಂದ ತರ್ಲಪ್ಪಾ? ನಿಮ್ಮ ತಾತ ಬರ್ತಾರಾ?” ಎಂದರು. ಹುಡುಗ ಒಪ್ಪಿದ. ನನ್ನ ಮನಸ್ಸೂ ಯಜಮಾನರ ಕಡೆಗೇ. ಮೂಲದ ಒಂದು ಚೂರೂ ಉಳಿಯದಂತೆ ಹೊಳಪು ಕೊಟ್ಟ ಗಾಡಿಗಳು ಮೆರವಣಿಗೆಗಳಲ್ಲಿ ಚೆನ್ನಾಗಿ ಕಾಣುತ್ತವೆ, ಅವು ಯಾರ ಜತೆ ಬದುಕಿದ್ದವು ಎಂಬುದು ಮಾತ್ರ ತಿಳಿಯುವುದಿಲ್ಲ.

ಬಿಡಿಭಾಗಗಳ ಕಷ್ಟ ಬೇರೆಯೇ ಕಥೆ. ಬೆಂಗಳೂರಿನ ಜೆ.ಸಿ. ರಸ್ತೆಯ ಹಳೆಯ ಅಂಗಡಿಗಳಲ್ಲಿ, ಭಾನುವಾರದ ಗುಜರಿ ಸಂತೆಗಳಲ್ಲಿ ಹುಡುಕಬೇಕು. ಈಗ ಹೊಸದಾಗಿ ತಯಾರಾಗುವ ನಕಲು ಭಾಗಗಳೂ ಸಿಗುತ್ತವೆ, ಆದರೆ ನಕಲು ರಬ್ಬರು ಒಂದು ಮಳೆಗಾಲಕ್ಕೆ ಬಿರಿಯುತ್ತದೆಂಬುದು ಅವರ ಅನುಭವ. ಪೆಟ್ರೋಲೇ ಬದಲಾಗಿದೆ. ಶೇ 20 ಎಥನಾಲ್ ಬೆರೆತ ಪೆಟ್ರೋಲ್ ನೀರಿನ ಪಸೆಯನ್ನು ಎಳೆದುಕೊಳ್ಳುತ್ತದೆ, ಹಳೆಯ ರಬ್ಬರನ್ನು ಉಬ್ಬಿಸುತ್ತದೆ, ನಿಂತ ಗಾಡಿಯ ಟ್ಯಾಂಕಿಗೆ ತುಕ್ಕು ತರುತ್ತದೆ. ಲೀಟರಿಗೆ 40 ಎಂಎಲ್ ಟೂಟಿ ಆಯಿಲ್ ಬೆರೆಸುವುದನ್ನು ಎಲ್ಲರೂ ಕಲಿತಿರುತ್ತಾರೆ. ಬಹಳ ದಿನ ನಿಲ್ಲಿಸುವುದಾದರೆ ಟ್ಯಾಂಕೂ ಕಾರ್ಬೊರೇಟರೂ ಖಾಲಿ ಮಾಡಿ ನಿಲ್ಲಿಸಿ ಎಂದು ಅವರು ಗಿರಾಕಿಗಳಿಗೆ ಹೇಳಿ ಹೇಳಿ ಕಳಿಸುತ್ತಾರೆ. ಕಾಗದಪತ್ರದ ಮಟ್ಟಿಗೆ ಒಂದು ಅನುಕೂಲವಾಗಿದೆ. 50 ವರ್ಷ ದಾಟಿದ, ಮೂಲ ಸ್ವರೂಪ ಕೆಡದ ವಾಹನಗಳನ್ನು ‘ವಿಂಟೇಜ್’ ಎಂದು ನೋಂದಾಯಿಸುವ ನಿಯಮ 2021ರಲ್ಲಿ ಬಂತು. ಆದರೆ ಹಾಗೆ ನೋಂದಾಯಿಸಿದರೆ ದಿನಬಳಕೆಗೆ ಓಡಿಸುವಂತಿಲ್ಲ. ತಾತನ ಗಾಡಿಯಲ್ಲಿ ಆಫೀಸಿಗೆ ಹೋಗಬೇಕೆಂಬ ಹುಡುಗನ ಆಸೆಗೆ ಅದು ಹೊಂದುವುದಿಲ್ಲ.

2018ರಲ್ಲಿ ಜಾವಾ ಹೆಸರು ಮತ್ತೆ ಮಾರುಕಟ್ಟೆಗೆ ಬಂತು. ಮಹೀಂದ್ರಾ ಬೆಂಬಲದ ಕ್ಲಾಸಿಕ್ ಲೆಜೆಂಡ್ಸ್ ಕಂಪನಿಯ ಆ ಗಾಡಿ ನಾಲ್ಕು ಸ್ಟ್ರೋಕಿನದು, ತಯಾರಾಗುವುದು ಮಧ್ಯಪ್ರದೇಶದ ಪೀತಂಪುರದಲ್ಲಿ. ಅದು ಬಂದ ಮೇಲೆ ಹಳೆಯದಕ್ಕೂ ಗಿರಾಕಿ ಹೆಚ್ಚಿತು ಎನ್ನುತ್ತಾರೆ ಯಜಮಾನರು. ಗುಜರಿಯವನು ತೂಕಕ್ಕೆ ಕೊಡುತ್ತಿದ್ದ ಗಾಡಿಗೆ ಈಗ ಚೌಕಾಸಿ ಮಾಡಬೇಕು. ಗಾಡಿಗೆ ಬೆಲೆ ಬಂದಷ್ಟು ಬೇಗ ಕೆಲಸಕ್ಕೆ ಬೆಲೆ ಬಂದಿಲ್ಲ. ಪೇಂಟಿಂಗಿಗೆ, ಕ್ರೋಮಿಗೆ ಕೇಳಿದಷ್ಟು ಕೊಡುವವರು ಕ್ರ್ಯಾಂಕಿಗೆ ಬಂದಾಗ ಲೆಕ್ಕ ಕೇಳುತ್ತಾರೆ. ಅದು ಹೊರಗೆ ಕಾಣುವುದಿಲ್ಲವಲ್ಲ.

ಮೈಸೂರಿನಲ್ಲಿ ರೈಲಿಗೆ 1979ರಿಂದಲೂ ಒಂದು ಮ್ಯೂಸಿಯಂ ಇದೆ. ಊರಿನ ಸಾವಿರಾರು ಮನೆಗಳಿಗೆ ಅನ್ನ ಕೊಟ್ಟ, ಊರಿನ ಹೆಸರನ್ನು ದೇಶದ ರಸ್ತೆರಸ್ತೆಗೂ ಒಯ್ದ ಈ ಗಾಡಿಗೂ ಅಂಥದೊಂದು ಜಾಗ ಸಲ್ಲಬೇಕು. ಗಾಜಿನ ಹಿಂದೆ ನಾಲ್ಕು ಗಾಡಿ ನಿಲ್ಲಿಸಿದರೆ ಸಾಲದು. ಯಾದವಗಿರಿಯಲ್ಲಿ ಕೈ ಪಳಗಿಸಿಕೊಂಡವರು ಇನ್ನೂ ಕೆಲವರು ಬದುಕಿದ್ದಾರೆ. ಐಟಿಐ ಹುಡುಗರಲ್ಲಿ ಆಸಕ್ತಿಯಿರುವ ಹತ್ತು ಮಂದಿಯನ್ನು ಆರು ತಿಂಗಳು ಇವರ ಪಕ್ಕ ನಿಲ್ಲಿಸಿ, ಇಬ್ಬರಿಗೂ ಒಂದಿಷ್ಟು ಭತ್ಯೆ ಕೊಡುವುದು ಸರ್ಕಾರಕ್ಕಾಗಲಿ, ಗಾಡಿ ಪ್ರಿಯರ ಸಂಘಗಳಿಗಾಗಲಿ ದೊಡ್ಡ ಹೊರೆಯಲ್ಲ. ಡಯಲ್ ಗೇಜ್ ಓದುವ ಕೈ ಯಾವ ಕಾರ್ಖಾನೆಗೂ ಬೇಕು.

ಪಕ್ಕದ ಬೀದಿಯ ಹುಡುಗನೊಬ್ಬ ಮೂರು ವರ್ಷ ಯಜಮಾನರ ಹತ್ತಿರ ಕಲಿತ. ಸುತ್ತಿಗೆ ಅವನ ಕೈಗೂ ಹತ್ತುತ್ತಿತ್ತು ಎಂದು ಹೇಳುವಾಗ ಅವರ ದನಿಯಲ್ಲಿ ಹೆಮ್ಮೆಯಿತ್ತು. ಈಗ ಅವನು ಹೊಸೂರಿನಲ್ಲಿ ಎಲೆಕ್ಟ್ರಿಕ್ ಸ್ಕೂಟರ್ ಜೋಡಿಸುವ ಕೆಲಸದಲ್ಲಿದ್ದಾನೆ. ಪಿಎಫ್ ಇದೆ, ತಿಂಗಳಿಗೆ ಸರಿಯಾಗಿ ಸಂಬಳ ಬರುತ್ತದೆ. “ಒಳ್ಳೇದಾಯ್ತು. ಮದ್ವೆ ಆಗ್ಬೇಕಲ್ಲ ಅವ್ನಿಗೂ” ಎಂದರು ಯಜಮಾನರ ಮನೆಯವರು, ಟೀ ಲೋಟ ಇಡುತ್ತಾ.

ಸಾಗರದ ಜಾವಾ ಆಯುಧಪೂಜೆಯ ಹೊತ್ತಿಗೆ ಊರು ಸೇರಬೇಕು. ಅದರ ಹಿಂದೆ ಇನ್ನೂ ಎರಡು ಗಾಡಿ ಕಾಯುತ್ತಿವೆ, ಹುಣಸೂರಿನ ಕಡೆಯದೊಂದು ರೋಡ್‌ಕಿಂಗ್, ಮಂಡ್ಯದ ಯೆಜ್ಡಿ ಒಂದು. ನಾನಿದ್ದಾಗಲೇ ಮತ್ತೊಬ್ಬರು ಫೋನ್ ಮಾಡಿ ಗಾಡಿ ತರಲೇ ಎಂದು ಕೇಳಿದರು. ಎಂಜಿನ್ ಯಾವ ಸ್ಥಿತಿಯಲ್ಲಿದೆ, ಕಿಕ್ ಇಳಿಯುತ್ತದೋ ಇಲ್ಲವೋ ಎಂದೆಲ್ಲ ಯಜಮಾನರು ವಿವರವಾಗಿ ವಿಚಾರಿಸಿದರು. ಒದೆಯಬೇಡಿ, ಪ್ಲಗ್ ತೆಗೆದು ಡೀಸೆಲ್ ಹಾಕಿಡಿ ಎಂದು ಹೇಳಿಕೊಟ್ಟರು. ಕೊನೆಗೆ, “ಇರೋದನ್ನ ಮುಗಿಸ್ತೀನಿ ಸ್ವಾಮಿ. ಹೊಸದು ಒಪ್ಕೊಳಲ್ಲ. ಕೈ ಈಗ ಮೊದಲಿನ ಹಾಗೆ ನಿಲ್ಲಲ್ಲ” ಎಂದು ಹೇಳಿ ಫೋನ್ ಇಟ್ಟರು.