ಗಿನಿಪಿಗ್ ಕೊಟ್ಟ ಸುಳಿವು

"ತಾತ, ಕ್ಯಾನ್ಸರ್ ಕೂಡ ಊಟ ಮಾಡುತ್ತಾ?"

ಐದನೇ ಕ್ಲಾಸಿನ ಮೊಮ್ಮಗಳ ಪ್ರಶ್ನೆ. ಅವಳ ಪಕ್ಕದಲ್ಲಿ ಕೂರುತ್ತಿದ್ದ ಗೆಳತಿಗೆ ರಕ್ತದ ಕ್ಯಾನ್ಸರ್. ಮೂರು ತಿಂಗಳಿಂದ ಶಾಲೆಗೆ ಬಂದಿಲ್ಲ. ನಾನೋ ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನು. ಆದರೂ ಮಗು ಕೇಳಿದ್ದಕ್ಕೆ ಸುಮ್ಮನಿರಲಾಗದೆ ಪುಸ್ತಕ ಹಿಡಿದು ಕೂತೆ.

ಊಟ ಮಾಡುತ್ತದೆ ಮಕ್ಕಳೇ, ಬಕಾಸುರನ ಹಾಗೆ! ಜರ್ಮನಿಯ ವಿಜ್ಞಾನಿ ಆಟೋ ವಾರ್ಬರ್ಗ್ 1920ರ ದಶಕದಲ್ಲೇ ಇದನ್ನು ಗಮನಿಸಿದ್ದರು. ಕ್ಯಾನ್ಸರ್ ಕೋಶಗಳು ಗ್ಲೂಕೋಸನ್ನು ಗಬಗಬ ನುಂಗುತ್ತವೆ. ಆಮ್ಲಜನಕ ಇದ್ದರೂ ಅದನ್ನು ಪೂರ್ತಿ ಉರಿಸದೆ, ಹೆಚ್ಚಿನ ಪಾಲನ್ನು ಲ್ಯಾಕ್ಟಿಕ್ ಆಮ್ಲ ಮಾಡಿ ಹೊರಹಾಕುತ್ತವೆ. (ಹಾಗೆಂದು ಸಕ್ಕರೆ ಬಿಟ್ಟರೆ ಕ್ಯಾನ್ಸರ್ ವಾಸಿ ಎನ್ನುವ ವಾಟ್ಸಾಪ್ ವೈದ್ಯವನ್ನು ನನ್ನ ಓರಗೆಯವರು ನಂಬಬೇಡಿ.)

ಕೋಶದೊಳಗೆ ಈ ಅಡುಗೆ ಮಾಡುವ ಭಟ್ಟರೇ ಕಿಣ್ವಗಳು. ಒಬ್ಬೊಬ್ಬರಿಗೆ ಒಂದೊಂದೇ ಕೆಲಸ. ಒಬ್ಬ ಭಟ್ಟ ರಜಾ ಹಾಕಿದರೆ ಆ ಪದಾರ್ಥವೇ ಇಲ್ಲ.

1953ರಲ್ಲಿ ನ್ಯೂಯಾರ್ಕಿನಲ್ಲಿ ಜಾನ್ ಕಿಡ್ ಎಂಬ ವೈದ್ಯವಿಜ್ಞಾನಿ ಇಲಿಗಳ ಕ್ಯಾನ್ಸರ್ ಗಡ್ಡೆಗಳ ಮೇಲೆ ಪ್ರಯೋಗ ನಡೆಸಿದ್ದರು. ಗಿನಿಪಿಗ್ ರಕ್ತದ ಸೀರಂ ಚುಚ್ಚಿದಾಗ ಕೆಲವು ಬಗೆಯ ಗಡ್ಡೆಗಳು ಕರಗಿದವು. ಕುದುರೆಯ ಸೀರಂ, ಮೊಲದ ಸೀರಂ ಹಾಕಿದರೆ ಏನೂ ಆಗಲಿಲ್ಲ. ಗಿನಿಪಿಗ್‌ನಲ್ಲೇ ಏನಿದೆ? ಉತ್ತರಕ್ಕೆ ಎಂಟು ವರ್ಷ ಬೇಕಾಯಿತು. 1961ರಲ್ಲಿ ಜಾನ್ ಬ್ರೂಮ್ ಅದನ್ನು ಹಿಡಿದರು: ಆಸ್ಪರಾಜಿನೇಸ್ ಎಂಬ ಕಿಣ್ವ.

ಲೆಕ್ಕ ಸರಳ. ಪ್ರೋಟೀನ್ ಕಟ್ಟಲು ಕೋಶಕ್ಕೆ ಆಸ್ಪರಾಜಿನ್ ಎಂಬ ಅಮೈನೋ ಆಮ್ಲ ಬೇಕು. ಆರೋಗ್ಯವಂತ ಕೋಶಗಳಲ್ಲಿ ಅದನ್ನು ತಯಾರಿಸುವ ಭಟ್ಟ ಇದ್ದಾನೆ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ರಕ್ತದ ಕ್ಯಾನ್ಸರಿನ ಕೋಶಗಳಲ್ಲಿ ಸಾಮಾನ್ಯವಾಗಿ ಅವನಿಗೆ ಕೈ ಸಾಲದು. ಅವು ರಕ್ತದಿಂದ ಕಡ ತಂದೇ ಬದುಕಬೇಕು. ಆಸ್ಪರಾಜಿನೇಸ್ ರಕ್ತದಲ್ಲಿರುವ ಆಸ್ಪರಾಜಿನ್ನನ್ನೇ ಒಡೆದುಹಾಕುತ್ತದೆ. ಸಾಲ ಹುಟ್ಟುವುದಿಲ್ಲ, ಕ್ಯಾನ್ಸರ್ ಕೋಶ ಉಪವಾಸ ಬಿದ್ದು ಸಾಯುತ್ತದೆ. ನನಗೆ ಇದು ಬಲು ಬೇಗ ಅರ್ಥವಾಯಿತು ಅನ್ನಿ!

ಔಷಧಕ್ಕೆ ಈಗ ಗಿನಿಪಿಗ್ ಬೇಡ, ಬ್ಯಾಕ್ಟೀರಿಯಾಗಳಿಂದಲೇ ತಯಾರಿಸುತ್ತಾರೆ. ಬೇರೆ ಔಷಧಗಳ ಜೊತೆಗೆ ಕೊಡುತ್ತಾರೆ. ತೊಂದರೆಯೂ ಉಂಟು. ಕೆಲವು ಮಕ್ಕಳಿಗೆ ಅಲರ್ಜಿಯಾಗುತ್ತದೆ, ಮೇದೋಜ್ಜೀರಕ ಗ್ರಂಥಿ ಊದಿಕೊಳ್ಳುವುದೂ ಇದೆ. ಕೆಲವು ಕ್ಯಾನ್ಸರ್ ಕೋಶಗಳು ತಾವೇ ಆಸ್ಪರಾಜಿನ್ ಮಾಡಲು ಕಲಿತು ತಪ್ಪಿಸಿಕೊಳ್ಳುತ್ತವೆ. ಹಾಗಾಗಿ ವೈದ್ಯರು ಮೈಯೆಲ್ಲ ಕಣ್ಣಾಗಿರುತ್ತಾರೆ.

ಗೆಳತಿಗೂ ಅದೇ ಇಂಜೆಕ್ಷನ್ ನಡೆಯುತ್ತಿದೆ ಎಂದು ಅವಳ ತಾಯಿ ಫೋನಿನಲ್ಲಿ ಹೇಳಿದರು. ಮೊಮ್ಮಗಳು ಸಂಜೆಯೆಲ್ಲ ಕೂತು ಒಂದು ಕಾರ್ಡ್ ಮಾಡಿದಳು. ಮೇಲೆ ದೊಡ್ಡದೊಂದು ಗಿನಿಪಿಗ್. ನನ್ನ ಕಣ್ಣಿಗೆ ಅದು ಬೆಕ್ಕಿನ ಹಾಗಿತ್ತು, ಹೇಳಲಿಲ್ಲ.