ಏಮಿಯನ್ನು ನೀವು ಕ್ಷಮಿಸಿದ್ದೀರಾ?

ನಾಟಕ ನೋಡಲು ತನ್ನನ್ನು ಕರೆದೊಯ್ಯಲಿಲ್ಲವೆಂಬ ಸಿಟ್ಟಿಗೆ, ಅಕ್ಕ ಕಷ್ಟಪಟ್ಟು ಬರೆದಿಟ್ಟ ಕಥೆಗಳ ಪುಸ್ತಕವನ್ನೇ ಬೆಂಕಿಗೆ ಹಾಕಿದ ತಂಗಿಯನ್ನು ನೀವಾದರೆ ಕ್ಷಮಿಸುವಿರಾ? ಬಾಲ್ಯದಲ್ಲಿ 'ಲಿಟ್ಲ್ ವಿಮೆನ್' ಓದಿದ ಸಹೋದರಿಯರಿಗೆ ಈ ಪ್ರಶ್ನೆ ಹೊಸದಲ್ಲ. ನನಗಂತೂ ಆ ಏಮಿಯ ಮೇಲಿನ ಮುನಿಸು ಎರಡು ಮಕ್ಕಳ ತಾಯಿಯಾದ ಮೇಲೂ ಇಳಿದಿರಲಿಲ್ಲ. ಅದನ್ನು ಇಳಿಸಿದ್ದು ಗ್ರೆಟಾ ಗರ್ವಿಗ್ ನಿರ್ದೇಶಿಸಿದ 2019ರ ಚಲನಚಿತ್ರ.

ಕಥೆ ನಿಮಗೆ ನೆನಪಿರಬಹುದು. ಅಮೆರಿಕದ ಅಂತರ್ಯುದ್ಧದ ಕಾಲ. ತಂದೆ ಯುದ್ಧಕ್ಕೆ ಹೋಗಿದ್ದಾರೆ. ಮನೆಯಲ್ಲಿ ತಾಯಿ ಮತ್ತು ನಾಲ್ವರು ಹೆಣ್ಣು ಮಕ್ಕಳು: ಮೆಗ್, ಜೋ, ಬೆತ್, ಏಮಿ. ಹಬ್ಬದ ದಿನ ತಮ್ಮ ತಿಂಡಿಯನ್ನು ಬಡ ಕುಟುಂಬಕ್ಕೆ ಕೊಟ್ಟು ಬರುತ್ತಾರೆ. ತಂದೆ ಕಾಯಿಲೆ ಬಿದ್ದಾಗ ಜೋ ತನ್ನ ಕೂದಲನ್ನೇ 25 ಡಾಲರಿಗೆ ಮಾರಿ ತಾಯಿಯ ಕೈಗೆ ಹಣವಿಡುತ್ತಾಳೆ. ಜೋಳನ್ನು ಮೆಚ್ಚದವರುಂಟೇ!

1933, 1949 ಮತ್ತು 1994ರಲ್ಲೂ ಈ ಕಾದಂಬರಿ ಚಲನಚಿತ್ರವಾಗಿತ್ತು. ಆದರೆ ಗರ್ವಿಗ್ ಏಮಿಗೂ ಬಾಯಿ ಕೊಟ್ಟಿದ್ದಾರೆ. ಪ್ಯಾರಿಸಿನಲ್ಲಿ ಚಿತ್ರಕಲೆ ಕಲಿಯುತ್ತಿರುವ ಏಮಿ, ಹೆಣ್ಣಿಗೆ ಸ್ವಂತ ದುಡಿಮೆಯ ದಾರಿಯೇ ಇಲ್ಲದಾಗ ಮದುವೆಯೆಂಬುದು ಹಣಕಾಸಿನ ವಿಷಯವೂ ಹೌದು ಎಂದು ಲಾರಿಗೆ ಮುಖಕ್ಕೆ ಹೇಳಿದಂತೆ ಹೇಳುತ್ತಾಳೆ. ಮನೆಯವರನ್ನೆಲ್ಲ ಸಾಕುವ ಭಾರ ತನ್ನ ಮೇಲಿದೆಯೆಂದು ಆಕೆಗೆ ಗೊತ್ತು. ನಾವು ಆಕೆಯನ್ನು ಬರೀ ಶೋಕಿಯ ಹುಡುಗಿ ಎಂದುಕೊಂಡಿದ್ದೆವಲ್ಲ!

ಲೇಖಕಿ ಲೂಯಿಸಾ ಮೇ ಆಲ್ಕಾಟ್ ಏಮಿಯನ್ನು ರೂಪಿಸಿದ್ದು ತನ್ನ ಸ್ವಂತ ತಂಗಿ ಮೇಳನ್ನು ನೋಡಿ. ಈ ಮೇ ನಿಜಕ್ಕೂ ಚಿತ್ರಕಲಾವಿದೆ. 1877ರಲ್ಲಿ ಪ್ಯಾರಿಸಿನ ಪ್ರಸಿದ್ಧ ಸಲೋನ್ ಪ್ರದರ್ಶನಕ್ಕೆ ಆಕೆಯ ಚಿತ್ರ ಆಯ್ಕೆಯಾಗಿತ್ತು. 1879ರಲ್ಲಿ ಹೆರಿಗೆಯಾದ ಕೆಲವೇ ವಾರಗಳಲ್ಲಿ ಆಕೆ ತೀರಿಕೊಂಡಳು. ದೊಡ್ಡಮ್ಮನ ಹೆಸರನ್ನೇ ಇಟ್ಟಿದ್ದ ಆ ಹಸುಗೂಸನ್ನು ಸಾಗರದಾಚೆಯಿಂದ ತರಿಸಿಕೊಂಡು ಸಾಕಿದವಳು ಲೂಯಿಸಾ. ಇದನ್ನು ತಿಳಿದ ಮೇಲೆ ಆ ಸುಟ್ಟ ಪುಸ್ತಕದ ಪುಟಗಳನ್ನು ನಾನು ಬೇರೆಯೇ ರೀತಿ ಓದಿದೆ.

ಚಿತ್ರದಲ್ಲಿ ಕೊರತೆಯೇ ಇಲ್ಲವೆಂದಲ್ಲ. ಕಥೆ ಹಿಂದಕ್ಕೂ ಮುಂದಕ್ಕೂ ಜಿಗಿಯುತ್ತದೆ. ಬಾಲ್ಯದ ದೃಶ್ಯಗಳಿಗೆ ಬೆಚ್ಚನೆಯ ಹೊಂಬಣ್ಣ, ದೊಡ್ಡವರಾದ ಮೇಲಿನವಕ್ಕೆ ತಣ್ಣನೆಯ ನೀಲಿ. ಇದನ್ನು ಗಮನಿಸದಿದ್ದರೆ ಗಲಿಬಿಲಿಯಾದೀತು. ನಿಮ್ಮ ಮಗಳಿಗೆ ತೋರಿಸುವುದಾದರೆ ಮೊದಲು ಪುಸ್ತಕ ಕೈಗೆ ಕೊಡಿ. ಇನ್ನು, ಕಾದಂಬರಿಯ ಪ್ರೊಫೆಸರ್ ಭಾಯರ್ ರೂಪವಂತನೇನಲ್ಲದ ನಡುವಯಸ್ಸಿನ ಮನುಷ್ಯ. ಇಲ್ಲಿ ಆತನನ್ನು ಸುಂದರಾಂಗನನ್ನಾಗಿ ಮಾಡಿದ್ದೇಕೋ!

ಆಲ್ಕಾಟ್ ಸ್ವತಃ ಮದುವೆಯಾಗಲಿಲ್ಲ. ಜೋ ಕೂಡ ಮದುವೆಯಾಗದ ಲೇಖಕಿಯಾಗಿಯೇ ಉಳಿಯಬೇಕೆಂಬುದು ಆಕೆಯ ಇಷ್ಟವಾಗಿತ್ತು. 1868ರಲ್ಲಿ ಮೊದಲ ಭಾಗ ಹೊರಬಂದದ್ದೇ ತಡ, ಹುಡುಗಿಯರು ಪತ್ರ ಬರೆದು ಜೋಳ ಮದುವೆ ಯಾರೊಂದಿಗೆ ಎಂದು ಕೇಳತೊಡಗಿದರು. ಲಾರಿಯೊಂದಿಗಂತೂ ಮಾಡುವುದಿಲ್ಲವೆಂದು ಹಟ ಹಿಡಿದ ಆಲ್ಕಾಟ್, 1869ರ ಎರಡನೆಯ ಭಾಗದಲ್ಲಿ ಪ್ರೊಫೆಸರನನ್ನು ತಂದು ನಿಲ್ಲಿಸಿದರು.

ಗರ್ವಿಗ್ ಚಿತ್ರದ ಕೊನೆಯಲ್ಲಿ ಜೋ ಪ್ರಕಾಶಕನ ಎದುರು ಕುಳಿತಿದ್ದಾಳೆ. ನಾಯಕಿಗೆ ಮದುವೆ ಮಾಡಿಸಲೇಬೇಕೆಂದು ಆತನ ಪಟ್ಟು. ಸರಿ, ಆಗಲಿ ಎನ್ನುತ್ತಾಳೆ ಜೋ. ಆದರೆ ಚೌಕಾಶಿಗೆ ಇಳಿಯುತ್ತಾಳೆ. ಗೌರವಧನ ಶೇಕಡಾ 6.6ಕ್ಕೆ ನಿಲ್ಲುತ್ತದೆ. ಕೃತಿಯ ಹಕ್ಕನ್ನು ಮಾತ್ರ ಬಿಟ್ಟುಕೊಡುವುದಿಲ್ಲ. ನಿಜ ಜೀವನದಲ್ಲಿ ಆಲ್ಕಾಟ್ ಕೂಡ ಹಕ್ಕನ್ನು ಮಾರಲಿಲ್ಲ. ಆ ಪುಸ್ತಕದ ಹಣದಿಂದಲೇ ಮನೆಯ ಸಾಲ ತೀರಿತು.

ಅತ್ತ ಮಳೆಯಲ್ಲಿ ಕೊಡೆಯ ಕೆಳಗೆ ಜೋ ಮತ್ತು ಪ್ರೊಫೆಸರ್. ಇತ್ತ ಮುದ್ರಣಾಲಯದಲ್ಲಿ ಹಾಳೆಗಳನ್ನು ಹೊಲಿದು, ರಟ್ಟು ಕಟ್ಟುತ್ತಿದ್ದಾರೆ. ಗಾಜಿನಾಚೆ ನಿಂತು ನೋಡುತ್ತಿರುವ ಜೋಳ ಕೈಗೆ ಕೊನೆಗೆ ಆ ಪುಸ್ತಕ ಬರುತ್ತದೆ. ಅದನ್ನು ಆಕೆ ಎದೆಗೆ ಅವುಚಿಕೊಳ್ಳುತ್ತಾಳೆ.