ಗೀಸರ್ ಎಷ್ಟು ಡಿಗ್ರಿಯಲ್ಲಿರಬೇಕು? ಕೊಚ್ಚಿ, ತಿರುವನಂತಪುರದ ಸೆಕೆಗೆ 40 ಸಾಕೇ?

ಕೊಚ್ಚಿ, ತಿರುವನಂತಪುರಗಳಲ್ಲಿ ವರ್ಷದ ಸರಾಸರಿ ಉಷ್ಣಾಂಶವೇ ಸುಮಾರು 27 ಡಿಗ್ರಿ ಸೆಲ್ಸಿಯಸ್. ಮಂಗಳೂರಿನಂತೆ ಇಲ್ಲಿಯೂ ನಲ್ಲಿ ನೀರು ತೀರಾ ತಣ್ಣಗಿರುವುದಿಲ್ಲ. ಸ್ನಾನಕ್ಕೆ 40 ಡಿಗ್ರಿ ಆಸುಪಾಸಿನ ನೀರು ಸಾಕು. ಹಾಗೆಂದು ಗೀಸರನ್ನು 40ಕ್ಕೇ ಇಡುವುದು ಸರಿಯಲ್ಲ.

ನ್ಯುಮೋನಿಯಾ ತರಬಲ್ಲ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ 20ರಿಂದ 45 ಡಿಗ್ರಿಯ ನಿಂತ ನೀರಿನಲ್ಲಿ ಬೆಳೆಯುತ್ತದೆ. 50 ದಾಟಿದರೆ ಬೆಳವಣಿಗೆ ನಿಲ್ಲುತ್ತದೆ, 60ರಲ್ಲಿ ಬೇಗ ಸಾಯುತ್ತದೆ. ಆದರೆ 60 ಡಿಗ್ರಿ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮ ಸುಡಬಲ್ಲದು. 50 ಡಿಗ್ರಿಯಾದರೆ ಕೆಲವು ನಿಮಿಷ ಬೇಕು. ಮಕ್ಕಳು, ಹಿರಿಯರಿರುವ ಮನೆಯಲ್ಲಿ ಇದು ಮುಖ್ಯ.

ಕರೆಂಟ್ ಲೆಕ್ಕವೂ ಇದೆ. 15 ಲೀಟರ್ ನೀರನ್ನು 27ರಿಂದ 50 ಡಿಗ್ರಿಗೆ ಕಾಯಿಸಲು ಸುಮಾರು 0.4 ಯೂನಿಟ್, 60ಕ್ಕೆ ಸುಮಾರು 0.6 ಯೂನಿಟ್ ಬೇಕು. ಬಳಸದೆ ಉಳಿದರೆ ಆ ಬಿಸಿ ಆರಿ ವ್ಯರ್ಥವಾಗುತ್ತದೆ.

ಹಾಗಾಗಿ ದಿನವೂ ಬಳಸುವ ಗೀಸರ್‌ಗೆ 50ರಿಂದ 55 ಡಿಗ್ರಿ ಸೂಕ್ತ. ಕೆಲವು ದಿನ ಆಫ್ ಆಗಿದ್ದರೆ, ಮೊದಲು 60ಕ್ಕೆ ಏರಿಸಿ ಸ್ವಲ್ಪ ಹೊತ್ತು ಬಿಟ್ಟು ಬಳಸಿ. ರೋಗನಿರೋಧಕ ಶಕ್ತಿ ಕಡಿಮೆ ಇರುವವರು ಮನೆಯಲ್ಲಿದ್ದರೆ 60ರಲ್ಲೇ ಇಡುವುದು ಸುರಕ್ಷಿತ. ಬಕೆಟ್‌ಗೆ ಮಾತ್ರ ಮೊದಲು ತಣ್ಣೀರು, ನಂತರ ಬಿಸಿನೀರು ಬಿಡಿ.